ಕಾಣುವ ತೂತು

ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿದ್ದ
ಮಾವಿನಹಣ್ಣಿನ ಆಕಾರದ ಅಯಸ್ಕಾಂತ ಕಿತ್ತು
ಕಿಸೆಗೆ ಹಾಕಿಕೊಂಡು ಹೊರಟೆ, ಕಾರು ನೋಡಲು.
ಇದ್ದಿನಬ್ಬನ ಆಜ್ಞೆ:
"ಕಣ್ಣು ಮನೆಯಲ್ಲೇ ಇಟ್ಟು ಬಾ ಆಚಾರಿ,
ಕಿವಿ ತಾ, ಮತ್ತೆ ಅದೊಂದು ತಾ."

ನನ್ನದು ಹಾರ್ಮೋನಿಯಂ ರಿಪೇರಿ.
ಭಜನಾಮಂದಿರದ್ದು, ಇಗರ್ಜಿಯದ್ದು,
ಸ್ಕೂಟರಿನ ಹಿಂದೆ ಹಗ್ಗ ಕಟ್ಟಿ ತರುವುದು.
ಹೋದ ಆಟಿಯಲ್ಲಿ ಪಂಪ್‌ವೆಲ್ಲಿನ ಹತ್ತಿರ
ಟಾರ್ಪಾಲು ಹಾರಿ, ಗಾಳಿಚೀಲ ನೆನೆದು
ಯಾರದೋ ಅಜ್ಜನ ಕಾಲದ ಪೆಟ್ಟಿಗೆ
ಕೆಮ್ಮುತ್ತ ಮನೆಗೆ ಬಂತು.
ಹೆಂಡತಿ ಏನೂ ಹೇಳಲಿಲ್ಲ.
ಚೀಟಿ ಎತ್ತಿದ ಹಣ ಮೇಜಿನ ಮೇಲಿಟ್ಟಳು:
ಐವತ್ತು ಸಾವಿರ. ಅದರೊಳಗೆ ಮುಗಿಯಬೇಕು,
ವಿಮೆ ಸೇರಿ.

ಉರ್ವದ ಸ್ಯಾಂಟ್ರೋ ಮದುಮಗನ ಹಾಗೆ ನಿಂತಿತ್ತು.
ಚಕ್ರಕ್ಕೆ ಕರಿ ಪಾಲಿಶ್, ಒಳಗೆಲ್ಲ ಮಲ್ಲಿಗೆ ವಾಸನೆ.
ಕರವಸ್ತ್ರ ಸುತ್ತಿದ ಅಯಸ್ಕಾಂತ
ಬಾನೆಟ್ಟಿಗೆ ಹಿಡಿಯಿತು, ಮುಂದಿನ ಬಾಗಿಲಿಗೂ ಹಿಡಿಯಿತು,
ಹಿಂದಿನ ಬಾಗಿಲ ಕೆಳಗೆ ಬಂದಾಗ
ಪಟಕ್ಕೆಂದು ನನ್ನ ಚಪ್ಪಲಿಯ ಮೇಲೆ ಬಿತ್ತು.
"ಸ್ವಲ್ಪ ಪುಟ್ಟಿ ಅಂಕಲ್, ಎಲ್ಲರೂ ಹಾಕುವುದೇ."
ಪುಟ್ಟಿಗೆ ತುಕ್ಕು ಹಿಡಿಯುವುದಿಲ್ಲ, ಅದು ನಿಜ.

ಕೊಟ್ಟಾರ ಚೌಕಿಯ ಝೆನ್ ಇನ್ನೂ ಅಗ್ಗ.
ಇಂಜಿನ್ನಿನ ಸ್ವರವೂ ಶುದ್ಧ. ನಾನಾಗಲೇ ಮನಸ್ಸಿನಲ್ಲಿ
ಹಿಂದಿನ ಸೀಟು ಮಡಚಿ ಎರಡು ಪೆಟ್ಟಿಗೆ ಇಟ್ಟಿದ್ದೆ.
ಇದ್ದಿನಬ್ಬ ಸೀಟ್‌ಬೆಲ್ಟ್ ಎಳೆದ. ಎಳೆದೇ ಎಳೆದ,
ಕಡೆಯ ಗೇಣಿನವರೆಗೆ.
ತೊಳೆದವರಿಗೆ ನೆನಪಾಗದ ಆ ಜಾಗದಲ್ಲಿ
ಒಂದು ಕೆಂಪು ಗೆರೆ:
ಯಾವುದೋ ಮಳೆಗಾಲದ ನೀರು
ಸೊಂಟದವರೆಗೆ ಬಂದು ಸಹಿ ಹಾಕಿ ಹೋದದ್ದು.
"ಈಜಿದ ಕಾರು ಬೇಡ ಮಾರಾಯ. ಬಾ, ಚಾ ಕುಡಿಯುವ."

ಮೂರನೆಯದು ಕುಲಶೇಖರದಲ್ಲಿ, ಗ್ರೆಟ್ಟಾ ಬಾಯಿಯದ್ದು,
ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ನರ್ಸು.
ಬಿಳಿ ಮಾರುತಿ ಎಂಟ್ನೂರು, ತೊಂಬತ್ತೊಂಬತ್ತರ ಇಸವಿ.
ತೊಳೆದೂ ಇರಲಿಲ್ಲ. ಮೇಲೆ ಹಲಸಿನ ತರಗೆಲೆ.
"ನೋಡುವುದಾದರೆ ಬೇಗ ನೋಡಿ,
ಒಲೆಯ ಮೇಲೆ ಗಂಜಿ ಉಂಟು."

ಅಯಸ್ಕಾಂತ ಎಲ್ಲ ಕಡೆ ಕಚ್ಚಿತು.
ಇದ್ದಿನಬ್ಬ ಕಾಲಡಿಯ ಮ್ಯಾಟ್ ಎತ್ತಿ
ಸ್ಕ್ರೂಡ್ರೈವರಿನಿಂದ ಕುಟ್ಟುತ್ತ ಹೋದ,
ಟಣ್, ಟಣ್, ಟಣ್,
ಆಮೇಲೆ ಸ್ವರವಿಲ್ಲ. ತುದಿ ಆಚೆಗೆ ಹೋಗಿತ್ತು.
ತೂತಿನ ಕೆಳಗೆ ಅಂಗಳ, ಇರುವೆ ಸಾಲು.
"ಅದು ಉಂಟು," ಅಂದರು ಬಾಯಿ,
"ಕಡಲ ಗಾಳಿ. ನನ್ನ ಮೊಣಕಾಲಿಗೂ ಉಂಟು."
ಇದ್ದಿನಬ್ಬ ನನ್ನ ಕಿವಿಯ ಹತ್ತಿರ:
"ಕಾಣುವ ತೂತು. ಎಂಟುನೂರರ ವೆಲ್ಡಿಂಗ್. ಬಿಡಬೇಡ."

ಚೋಕ್ ಎಳೆದು ಚಾವಿ ತಿರುಗಿಸಿದರೆ
ಎರಡನೆಯ ಸಲಕ್ಕೆ ಹಿಡಿಯಿತು. ಕಣ್ಣು ಮುಚ್ಚಿದೆ.
ಮೂರು ಸಿಲಿಂಡರು, ಮೂರೂ ಸರದಿ ತಪ್ಪದೆ,
ಒಂದು ವಾಲ್ವ್ ಮಾತ್ರ ಸಡಿಲ ರೀಡಿನಂತೆ ಟಿಕಿಟಿಕಿ.
ಅದು ವಯಸ್ಸಿನದ್ದು, ರೋಗದ್ದಲ್ಲ.

ಖಾನೆಯಲ್ಲಿ ರಟ್ಟಿನ ಪುಸ್ತಕ.
ತಾರೀಕು, ಕಿಲೋಮೀಟರು, ಪೆಟ್ರೋಲು, ಆಯಿಲ್ ಬದಲಿಸಿದ್ದು,
ಜ್ವರದ ಚಾರ್ಟು ಬರೆದ ಕೈಯ ನೀಲಿ ಅಕ್ಷರ.
ಒಂದು ಪುಟದ ಅಂಚಿನಲ್ಲಿ:
ರಾತ್ರಿ ೨.೧೦. ವಾಮಂಜೂರು ಇಳಿಜಾರು. ಗಂಡು. ಹಿಂದಿನ ಸೀಟಿನಲ್ಲೇ.
ಕ್ರಯ ಇಳಿಸಲು ನನ್ನ ನಾಲಗೆ ಏಳಲಿಲ್ಲ.
ಇದ್ದಿನಬ್ಬನದ್ದು ಎದ್ದಿತು,
ನಲವತ್ತೈದನ್ನು ಮೂವತ್ತೊಂಬತ್ತಕ್ಕೆ ತಂದು ನಿಲ್ಲಿಸಿದ.

ಚಾವಿ ಕೊಡುವಾಗ ಬಾಯಿ ಹೇಳಿದ್ದು ಇಷ್ಟೇ:
"ಮೂರರಿಂದ ಎರಡಕ್ಕೆ ಬರುವಾಗ ಒತ್ತಬೇಡಿ.
ಕೈ ಇಟ್ಟು ಕಾಯಿರಿ. ಅದೇ ಬರುತ್ತದೆ."

ಈಗ ನಾಲ್ಕು ತಿಂಗಳು. ವೈಪರು ಒಂದು ಬದಿಗೆ ಮಾತ್ರ.
ಬಿಜೈಯ ಏರಿನಲ್ಲಿ ರಿಕ್ಷಾದವರೂ ಬೈದು ಮುಂದೆ ಹೋಗುತ್ತಾರೆ.
ಸುರತ್ಕಲ್ಲಿನ ಪೆಟ್ಟಿಗೆ ಆ ಮಳೆಯಲ್ಲೂ ಒಣಗಿಯೇ ತಲುಪಿತು.
ನೀಲಿ ಶಾಯಿ ನಿಂತ ಗೆರೆಯ ಕೆಳಗೆ
ನನ್ನ ಸೀಸದಕಡ್ಡಿ, ಪೆಟ್ರೋಲು ಐನೂರು ರೂಪಾಯಿ.

ಹಾರ್ನು ಕಪ್ಪು ಒಂದಕ್ಕಿಂತ ಕೂದಲೆಳೆಯಷ್ಟು ಕೆಳಗೆ.
ಸರಿ ಮಾಡಲು ಹತ್ತು ನಿಮಿಷ ಸಾಕು.
ಎರಡು ಸಲ ಬಾನೆಟ್ ಎತ್ತಿದ್ದೇನೆ,
ಎರಡು ಸಲ ಹಾಗೇ ಮುಚ್ಚಿದ್ದೇನೆ.